ಹೊಸ್ತಿಲಾಚೆ ಬಿದ್ದಿದ್ದ ಅಕ್ಷರ

ಹೂಂ ಅಂತಿರಬೇಕು ಕೂಸೇ, ಇಲ್ಲಾಂದ್ರೆ ಮಾವ ನಿಲ್ಲಿಸಿಬಿಡ್ತಾನೆ. ಈ ಕತೆ ಸರಿಯಾಗಿ ಬರೋದು ಏಳು ಸೀಮೆಗೆ ನಿಮ್ಮಜ್ಜಿಗೊಬ್ಬಳಿಗೆ, ಅವಳಿಗಿಂತ ಒಂದು ಕೈ ಮೇಲಾಗಿ ನನಗೆ.

ಒಂದಾನೊಂದು ಕಾಲದಲ್ಲಿ, ಇರುವೆಗಳೂ ಪಂಚೆ ಉಡ್ತಿದ್ದ ಕಾಲದಲ್ಲಿ, ಬೆಣಚಿಕೆರೆ ಅಂತ ಒಂದೂರಿತ್ತಂತೆ. ಒಂದೇ ಬೀದಿ, ಇಪ್ಪತ್ತೊಂದು ಮನೆ, ಮನೆಗಳ ಬೆನ್ನಿಗೆ ಬಂಡೆ, ಅದಕ್ಕೇ ಹಿತ್ತಲ ಬಾಗಿಲು ಯಾರಿಗೂ ಇಲ್ಲ. ಓದು ಬರೋದು ಕೆಂಚಿ ಅನ್ನೋ ಹುಡುಗಿಗೆ ಮಾತ್ರ. ಅವಳು ಹೊಂಗೆಮರದ ಕೆಳಗೆ ಚಪ್ಪರ ಹಾಕಿ, ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸ್ತಿದ್ದಳಂತೆ. ಆಮೇಲೆ ಒಂದಿನ ಬೆಳಗಾಗ್ತಿದ್ದ ಹಾಗೆ ಮಕ್ಕಳೆಲ್ಲ ಸೇರಿ, ಮನೆಗೊಂದು ಸಾಲಿನ ಹಾಗೆ ಬೀದಿಯುದ್ದ ಒಂದು ಕತೆನ ರಂಗೋಲಿ ಪುಡೀಲಿ ಬರೆದರಂತೆ, ಪಕ್ಕದಲ್ಲೇ ಆನೆ, ಮರ, ರಾಜನ ಚಿತ್ರ.

ದೊಡ್ಡವರು ಬಾಗಿಲು ತೆಗೆದು ನೋಡ್ತಾರೆ, ಹೊಸ್ತಿಲಾಚೆ ಪೂರ್ತಿ ಅಕ್ಷರ! ಅಕ್ಷರ ಅಂದ್ರೆ ಸರಸ್ವತಿ, ತುಳಿಯೋ ಹಾಗುಂಟೇ? ಇಡೀ ಊರು ಒಳಗೇ ಉಳೀತಂತೆ. ಎಮ್ಮೆಗಳಿಗೆ ತಾವು ಇವತ್ತು ಮೇಯಬೇಕೋ ಬೇಡವೋ ತಿಳೀಲಿಲ್ಲ.

ಊರ ಯಜಮಾನ ಉಗ್ರಪ್ಪಗೌಡ ಬಾಗಿಲಲ್ಲೇ ನಿಂತು ಕೂಗಿದನಂತೆ, ಎಲೇ ಕೆಂಚಿ, ಹೊತ್ತು ಮುಳುಗೋದ್ರೊಳಗೆ ನಾನು ಆಚೆ ಬರದಿದ್ರೆ ನಿನ್ನ ಚಪ್ಪರ ನನ್ನ ಒಲೆಗೆ, ಅಕ್ಷರ ಗಿಕ್ಷರ ಈ ಊರಲ್ಲಿ ಮುಗೀತು ಅಂತ. ಕೆಂಚಿ ಚಪ್ಪರದಿಂದೆದ್ದು ಗೌಡನ ಮನೆ ಮುಂದಕ್ಕೆ ಓಡಿ ಬಂದಳಂತೆ.

ಆಮೇಲೆ ಗೌಡ ಪಂಚೆ ಎತ್ತಿ ಕಟ್ಟಿ, ಅಡಿಗೆಮನೆಯಿಂದ ಓಡಿ ಬಂದು ಹಾರಿದನಂತೆ. ಅರ್ಧ ಗಾಳೀಲಿದ್ದಾಗ ಕಾಲು ಸೋಕಿಬಿಟ್ರೆ ಅನ್ನೋ ಭಯ ಬಂದು, ಅಲ್ಲೇ ತಿರುಗಿ ವಾಪಸ್ ಒಳಗೆ ಬಿದ್ದನಂತೆ. ನಗಬೇಡ, ನಾನೂ ಒಂದ್ಸಲ ಹಾಗೆ ತಿರುಗಿದ್ದೀನಿ. ಎರಡನೇದಕ್ಕೆ ನೀರು ಹೊಯ್ಯೋಣ ಅಂದ. ಅಯ್ಯೋ, ಸರಸ್ವತಿನ ಚರಂಡಿಗೆ ಕಳಿಸ್ತೀರಾ ಅಂದಳಂತೆ ಹೆಂಡತಿ ಈರಮ್ಮ. ಮೂರನೇದಕ್ಕೆ ಹಲಗೆ ಹಾಸೋಣ ಅಂದ. ತಾಯಿ ತಲೆ ಮೇಲೆ ಹಲಗೆ ಇಟ್ಟು ನಡೀತೀರಾ ಅಂದಳಂತೆ. ಗೌಡನಿಗೆ ತಾನು ಒಳಗಿದ್ದೀನೋ ಹೊರಗಿದ್ದೀನೋ ಅನ್ನೋದೇ ಮರೆತುಹೋಯ್ತು.

ಆಗ ಕೆಂಚಿ ಹೇಳಿದಳಂತೆ, ತಾತ, ಓದದೆ ತುಳಿದ್ರೆ ಪಾಪ. ಓದಿದ್ರೆ ಅಕ್ಷರ ನೆಲದಿಂದೆದ್ದು ನಾಲಿಗೆ ಮೇಲೆ ಕೂರುತ್ತೆ, ಕೆಳಗೆ ಉಳಿಯೋದು ಬರೀ ಪುಡಿ.

ಯಾವ ಶಾಸ್ತ್ರದಲ್ಲಿದೆಯೇ ಅದು?

ಓದೋಕೆ ಕಲೀರಿ, ನೀವೇ ಹುಡುಕಿ.

ಸರಿ, ಒಂದೊಂದು ಹೊಸ್ತಿಲ ಮುಂದೆ ಒಂದೊಂದು ಮಗು ಮೇಷ್ಟರಾಗಿ ನಿಂತಿತಂತೆ. ಮರದ ಚಿತ್ರ ತೋರಿಸಿ ಇದು ಮ ಅಂದ್ರೆ, ಒಳಗಿಂದ ಮ. ಒಬ್ಬೊಬ್ಬರೇ ಓದಿ ಆಚೆ ಬಂದರು. ಕಡೇಗೆ ಹೊತ್ತು ಇನ್ನೇನು ಮುಳುಗಬೇಕು, ಗೌಡ ಬೆವರು ಸುರಿಸ್ಕೊಂಡು ಓದಿದನಂತೆ, ರಾಜನ ಮೀಸೆ ಮರ ಹತ್ತಿ ಕೂತಿತು.

ಕೂತಿತಾ? ಯಾಕೆ? ಅಂತ ಪಕ್ಕದ ಮನೆಗೆ ಓಡಿದ. ಅಲ್ಲಿ ಸಾಲು ಆಗಲೇ ತುಳಿದು ಅಳಿಸಿಹೋಗಿತ್ತು. ಹಾಗಾದ್ರೆ ಎಲ್ಲರೂ ನಿಮ್ಮ ನಿಮ್ಮ ಸಾಲು ಹೇಳ್ರೋ ಅಂದ. ಎಲ್ಲರೂ ಒಟ್ಟಿಗೆ ಹೇಳಿದರು. ರಾಜ ಮೊದಲು ಮದುವೆಯಾಗಿ ಆಮೇಲೆ ಹುಟ್ಟಿದ, ಆನೆ ಮೀಸೆಗೆ ಎಣ್ಣೆ ಹಚ್ಚಿತು, ರಾಣಿ ಎಲ್ಲಿ ಸೇರಬೇಕೋ ಯಾರಿಗೂ ಗೊತ್ತಾಗಲಿಲ್ಲ. ಗೌಡ ತಲೆ ಹಿಡ್ಕೊಂಡು, ಚಪ್ಪರದ ಮಾತೇ ಎತ್ತದೆ ಮನೆಗೆ ಹೋದನಂತೆ. ಉಳಿಸ್ತಾನೋ ಸುಡ್ತಾನೋ ಅಂತ ಕೆಂಚಿಗೆ ಮೂರು ದಿನ ಅನ್ನ ಸೇರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಅವಳು ಬಾಗಿಲು ತೆಗೀತಾಳೆ, ಹೊಸ್ತಿಲಾಚೆ ಏಡಿ ನಡೆದ ಹಾಗೆ ಏನೋ ಸೊಟ್ಟಸೊಟ್ಟ. ಪಕ್ಕದಲ್ಲಿ ಗೌಡ, ಮೊಣಕೈವರೆಗೂ ಪುಡಿ.

ತಾತ, ಏನಿದು? ಒಂದಕ್ಷರಾನೂ ತಿಳೀತಿಲ್ಲ.

ಹಾಗಾದ್ರೆ ಒಳಗೇ ಇರು!

ಊರೆಲ್ಲ ಸೇರಿತು, ಕೆಂಚಿ ತಲೆ ಸೊಟ್ಟ ಮಾಡಿ, ಬಗ್ಗಿ, ಕೂತು, ಮಧ್ಯಾಹ್ನದ ಹೊತ್ತಿಗೆ ಓದಿದಳಂತೆ: ಚಪ್ಪರಕ್ಕೆ ಹೆಂಚು ಹಾಕಿಸ್ತೀನಿ, ನನ್ನನ್ನೂ ಸೇರಿಸ್ಕೋ.

ಆಚೆ ಬಂದಳು, ಸೇರಿಸ್ಕೊಂಡಳು. ಅವರು ಅಲ್ಲಿ ಓದ್ಕೊಂಡು ಸುಖವಾಗಿದ್ದರು, ಕತೆ ಇಲ್ಲಿಗೆ ಮುಗ್ದು ಮಗ್ಗಲು ಬದಲಿಸ್ತು. ನೀನೂ ಬದಲಿಸು, ಕೂಸೇ.