ಬಳೆಯೊಡೆಯದ ಓಣಿ

ಹಿರೇಗಡದ ಕೋಟೆಪೇಟೆಯನ್ನು ಈಗ ಯಾರ ನೆರವೂ ಇಲ್ಲದೆ, ಕೈಯಲ್ಲೊಂದು ನಕ್ಷೆ ಹಿಡಿದು ತಾವೇ ನಡೆದು ನೋಡಬಹುದು. ಬತೇರಿಯ ಬುಡದಿಂದ ಹೊರಟು, ಹಳೆಯ ಗಾಣದ ಕಲ್ಲು ದಾಟಿ, ಬಾಣ ತೋರಿಸಿದತ್ತ ಎಡಕ್ಕೆ ಹೊರಳಿದರೆ ಏಳನೆಯ ಗುರುತು ಸಿಗುತ್ತದೆ: ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಓಣಿ, ಹನ್ನೊಂದು ಮನೆ, ಹಿಂಬದಿಗೊಂದು ಬಾವಿ. ನಕ್ಷೆಯಲ್ಲಿ ಅಚ್ಚಾಗಿರುವುದು ಒಂದೇ ಸಾಲು. ಇಲ್ಲಿ ಹಿಂದೆ ಬಲು ಗಟ್ಟಿಯಾದ ಬಳೆ ತಯಾರಾಗುತ್ತಿತ್ತು, ಆದ್ದರಿಂದ ಈ ಹೆಸರು ಎಂದು. ಹಾಗೆ ಬರೆದ ಪುಣ್ಯಾತ್ಮ ಓಣಿಯೊಳಗೆ ಕಾಲಿಟ್ಟಿದ್ದರೆ ತಾನೆ ಗೊತ್ತಾಗುವುದು. ಗಾಜಿನ ಬಳೆ ಯಾವ ಊರಿನದಾದರೂ ಒಡೆಯುತ್ತದೆ, ಮತ್ತು ಈ ಓಣಿಯಲ್ಲಿ ಒಂದೇ ಮಧ್ಯಾಹ್ನ ಒಡೆದಷ್ಟು ಬಳೆ ಬೇರೆಲ್ಲೂ ಒಡೆದಿರಲಾರದು.

ಹಿಂದೆ ಒಮ್ಮೆ, ಗಡವನ್ನು ಪಾಳೆಯಗಾರರು ಆಳುತ್ತಿದ್ದಾಗ, ದಳವಾಯಿ ಬಸವಂತನೆಂಬವನು ಒಡೆಯನನ್ನೂ ಅವನ ಒಬ್ಬನೇ ಮಗನನ್ನೂ ರಾತ್ರಿಯೂಟದ ಎಲೆಯ ಮುಂದೆಯೇ ಕಡಿದುಹಾಕಿದನಂತೆ. ಮಗನ ಹೆಂಡತಿ ಚಿನ್ನಾಜಿ ಆಗ ಮೂರು ತಿಂಗಳ ಬಸುರಿ. ನೆಲದ ನೆತ್ತರು ಒಣಗುವ ಮೊದಲೇ ಅರಮನೆಯ ಮುದುಕಿಯರು ಅವಳ ಬಳೆ ಒಡೆದರು. ಮನೆ ಹಾಳಾದರೂ ಶಾಸ್ತ್ರ ಬಿಡುವುದುಂಟೆ. ಬಸುರಿನ ಸುದ್ದಿ ದಳವಾಯಿಗೆ ಮುಟ್ಟಿದ್ದರಿಂದ, ಅವಳು ಸೀಳಿದ ಮುಂಗೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಳಗಾಗುತ್ತಲೇ ಈ ಓಣಿಯ ಬಳೆಗಾರ್ತಿ ನೀಲವ್ವನ ಮನೆಗೆ ಓಡಿಬಂದಳು. ಮದುವೆಯಲ್ಲಿ ಅವಳಿಗೆ ಬಳೆ ತೊಡಿಸಿದವಳು ನೀಲವ್ವನೇ. "ಅವ್ವಾ, ಈ ಕೈಗೆ ಬಳೆ ಇಡು. ನನ್ನ ಮುಖ ಕಂಡವರು ಅವನ ಕಡೆ ಯಾರೂ ಇಲ್ಲ, ಬರಿಗೈ ನೋಡಿಯೇ ಹಿಡೀತಾರೆ" ಎಂದಳು. ನೀಲವ್ವ ಮಲಾರದಿಂದ ಹಸಿರು ಬಳೆ ಬಿಡಿಸಿಕೊಂಡಳು, ಅವಳ ಕೈ ಹಿಡಿದಳು, ಅಷ್ಟಕ್ಕೇ ನಿಂತುಬಿಟ್ಟಳು. ಗಂಡ ಸತ್ತವಳಿಗೆ ಬಳೆ ತೊಡಿಸಿದರೆ ತೊಡಿಸಿದವಳ ಗಂಡನಿಗೆ ಕೇಡು ಎಂದು ಅತ್ತೆ ಹೇಳಿಕೊಟ್ಟಿದ್ದಳು. "ಅದೊಂದು ಬೇಡ ತಾಯಿ, ಒಳಗೆ ಅಡಗಿಸಿಡ್ತೀನಿ" ಎಂದು ಬಳೆಯನ್ನು ಮತ್ತೆ ಮಲಾರಕ್ಕೆ ಪೋಣಿಸಿದಳು. ತನ್ನ ಗಂಡ ಚೌಡಶೆಟ್ಟಿಯನ್ನು ಉಳಿಸಿಕೊಳ್ಳಲೆಂದೇ ಹಾಗೆ ಮಾಡಿದಳು, ಪಾಪ.

ಹೊತ್ತು ನೆತ್ತಿಗೇರುವಾಗ ಓಣಿಯ ಬಾಯಲ್ಲಿ ಡಂಗುರ ಕೇಳಿತು. ಹೆಂಗಸರೆಲ್ಲ ಹೊರಗೆ ಬಂದು ಕೈ ತೋರಿಸಬೇಕು, ಬರಿಗೈಯವಳನ್ನು ಒಪ್ಪಿಸಬೇಕು. ನೀಲವ್ವ ಈಗ ಹೌಹಾರಿ ಬಳೆ ತೊಡಿಸಲು ಹೋದರೆ ಗಾಯದ ಕೈ ಊದಿಕೊಂಡಿತ್ತು, ಒಂದೂ ಏರಲಿಲ್ಲ. ಚಿನ್ನಾಜಿಯನ್ನು ಎಳೆದುಕೊಂಡು ಹಿತ್ತಿಲಿಗೆ ಓಡಿದಳು. ಹನ್ನೊಂದು ಮನೆಯ ಹೆಂಗಸರು ಬಾವಿಯ ಹತ್ತಿರ ಸೇರಿದ್ದರು. ನೀಲವ್ವ ಯಾರನ್ನೂ ಏನೂ ಕೇಳಲಿಲ್ಲ. ತನ್ನ ಎರಡೂ ಮುಂಗೈಗಳನ್ನು ಬಾವಿಕಟ್ಟೆಗೆ ಅಪ್ಪಳಿಸಿದಳು. ಗಾಣಿಗರ ರುದ್ರವ್ವ ಒಂದು ಗಳಿಗೆ ಅವಳ ಮುಖ ನೋಡಿ, "ನಿಂಗೇನು ಹುಚ್ಚೇನೇ" ಎಂದು ಬೈಯುತ್ತಲೇ ತಾನೂ ಅಪ್ಪಳಿಸಿದಳು. ಉಳಿದವರೂ ಹಾಗೇ ಮಾಡಿದರು. ಕಟ್ಟೆಯ ಕಲ್ಲು ಕೆಂಪಾಯಿತು ಎನ್ನುತ್ತಾರೆ.

ಹನ್ನೆರಡು ಜೋಡಿ ನೆತ್ತರಗೈ ನೋಡಿ, ಕುದುರೆಯೇರಿ ಬಂದಿದ್ದ ಬಸವಂತ ನಕ್ಕನಂತೆ. "ಬಳೆ ಒಡೆದುಕೊಂಡಿದ್ದೀರಿ ಅಂದಮೇಲೆ ಗಂಡಂದಿರು ಇರಬಾರದಲ್ಲ" ಎಂದು ಗಂಡಸರನ್ನು ಹೊರಗೆಳೆಸಿದ. ಸೊಸೆ ಯಾರೆಂದು ತೋರಿಸಿದರೆ ಬಿಡುತ್ತೇನೆ ಎಂದ. ಮೊದಲು ಬಗ್ಗಿಸಿದ್ದು ಚೌಡಶೆಟ್ಟಿಯನ್ನು. ಹೆಸರು ನೀಲವ್ವನ ನಾಲಿಗೆಯ ತುದಿಗೆ ಬಂದಿತ್ತು, ಅವಳೇನು ಕಲ್ಲಲ್ಲ. ಚೌಡಶೆಟ್ಟಿ ಅವಳತ್ತ ನೋಡಿ ಬೇಡವೆಂದು ತಲೆಯಾಡಿಸಿದ. ಆ ತಲೆ ಅವಳ ಕಾಲ ಬಳಿ ಬಿತ್ತು. ಚಿನ್ನಾಜಿ ತಾನೇ ಮುಂದೆ ಹೋಗಲು ಹೊರಟಾಗ ನೀಲವ್ವ ಅವಳ ಗಾಯದ ಕೈಯನ್ನು ಹಿಂಡಿ ಹಿಡಿದು ನಿಲ್ಲಿಸಿದಳು. ಎರಡನೆಯವನು ಬಿದ್ದ, ಮೂರನೆಯವನು ಬಿದ್ದ, ಯಾವ ಹೆಂಗಸೂ ಬಾಯಿ ಬಿಡಲಿಲ್ಲ. ಹನ್ನೊಂದನೆಯವನು ಉರುಳಿದ ಮೇಲೆ ದಳವಾಯಿ, ಇನ್ನು ಹೆಂಗಸರನ್ನು ಕಡಿಯಿರಿ ಎಂದ. ಅವನ ಆಳುಗಳು ಕದಲಲಿಲ್ಲ. ಅವರಲ್ಲಿ ಎಷ್ಟೋ ಮಂದಿಯ ಹೆಂಡಿರಿಗೆ ಬಳೆ ತೊಡಿಸಿದ ಕೈ ಅವರ ಮುಂದೆಯೇ ನೆತ್ತರು ಸುರಿಸುತ್ತಿತ್ತು. ಬಸವಂತ ಬಾರುಕೋಲು ಎತ್ತಿದ. ಅವರು ಅವನನ್ನೇ ಕುದುರೆಯಿಂದ ಕೆಡವಿ ತುಂಡು ತುಂಡು ಮಾಡಿದರು.

ಹನ್ನೊಂದನೆಯ ದಿನ ಊರಿನ ಹಿರಿಯ ಹೆಂಗಸರು ಬಂದು, ಶಾಸ್ತ್ರ ಮುಗಿಸಬೇಕು, ತಲೆಗೆ ಮುಸುಕು ಹಾಕಿಕೊಳ್ಳಿ ಎಂದರು. ನೀಲವ್ವ ಮಲಾರ ತಂದು ಬಾವಿಕಟ್ಟೆಯ ಮೇಲೆ ಬಿಚ್ಚಿ, ಮೊದಲು ಚಿನ್ನಾಜಿಯ ಕೈ ಹಿಡಿದಳು. "ಅವತ್ತು ಬೆಳಿಗ್ಗೆಯೇ ಇಟ್ಟಿದ್ದರೆ ಹನ್ನೊಂದು ಜೀವ ಉಳೀತಿತ್ತು. ಕೇಡು ಆಗೋದು ಬಳೆ ಇಟ್ಟಿದ್ದಕ್ಕಲ್ಲ" ಎಂದು ತೊಡಿಸಿದಳು. ಆಮೇಲೆ ಹತ್ತು ಮಂದಿಗೆ ತೊಡಿಸಿದಳು. ಕೊನೆಗೆ ತನ್ನ ಕೈಯನ್ನು ಚಿನ್ನಾಜಿಯ ಮಡಿಲಲ್ಲಿಟ್ಟಳು. ಆ ಹುಡುಗಿಗೆ ಬಳೆ ತೊಡಿಸಿ ಏನು ಗೊತ್ತು, ಎರಡು ಒಡೆದುವು, ಮೂರನೆಯದು ಕೂತಿತು. ಚಿನ್ನಾಜಿಯ ಮಗ ಮುಂದೆ ಗಡದ ಗದ್ದುಗೆ ಏರಿದನೆಂದೂ ಇಲ್ಲವೆಂದೂ ಹೇಳುವವರಿದ್ದಾರೆ. ಓಣಿಯವರು ಅದನ್ನು ಕೇಳಲು ಹೋಗುವುದಿಲ್ಲ.

ನಕ್ಷೆ ಹಿಡಿದು ಬಂದವರು ಬಾವಿಕಟ್ಟೆಯ ಅಂಚನ್ನು ಬೆರಳಿಂದ ಮುಟ್ಟಿ ನೋಡಲಿ. ಸಣ್ಣ ಸಣ್ಣ ಕಚ್ಚುಗಳು ತಾಗುತ್ತವೆ. ಮಳೆ ಬಿದ್ದು ಮಣ್ಣು ತೊಳೆದಾಗ ಗಾಜಿನ ಚೂರು ಮೇಲೆ ಬರುವುದೂ ಉಂಟು, ಆದ್ದರಿಂದ ಅಲ್ಲಿ ಚಪ್ಪಲಿ ಬಿಡದಿರುವುದೇ ಒಳ್ಳೆಯದು. ಆ ದಿನದಿಂದ ಈ ಓಣಿಯಲ್ಲಿ ಯಾರ ಗಂಡ ಸತ್ತರೂ ಬಳೆ ಒಡೆಯುವುದಿಲ್ಲ. ಮೂರನೆಯ ಮನೆಯ ಜಗಲಿಯಲ್ಲಿ ಹಣೆ ಬರಿದಾದ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾಳೆ. ಅವಳ ಎರಡೂ ಕೈಗಳಲ್ಲಿ ಹಸಿರು ಬಳೆಗಳಿವೆ.