ಮಳೆರಾಯ ಜಗುಲಿಯ ಮೇಲೆ ಕೂತದ್ದು

ಮೋಡಕ್ಕೂ ಮೊಳಕೆಗೂ ಒಡೆಯನಾದ ಸ್ವಾಮಿಗೆ ಮೊದಲು ಕೈ ಮುಗಿಯೋಣ. ಅವನು ಕೊಟ್ಟ ನಾಲಿಗೆಯಿಂದ, ಅವನು ಕೊಟ್ಟ ಮಳೆಯ ಕಥೆ ಹೇಳುತ್ತೇನೆ. ಕೂತು ಕೇಳಿ ಮಕ್ಕಳೇ.

ಲೋಕ ಆಗತಾನೇ ಹೊಸದು. ಬೆಟ್ಟ ಹೊಸದು, ಹೊಳೆ ಹೊಸದು, ಹೊಳೆಯ ಪಕ್ಕದ ಪುಟ್ಟ ಪೇಟೆಯೂ ಹೊಸದು. ಬಾಗಿಲುಗಳು ಇನ್ನೂ ಕಿರುಗುಟ್ಟಲು ಕಲಿತಿರಲಿಲ್ಲ. ಮಡಕೆಗಳ ತಳ ಇನ್ನೂ ಕಪ್ಪಾಗಿರಲಿಲ್ಲ.

ಆಗ ಸ್ವಾಮಿ ಒಂದು ಕಟ್ಟಳೆ ಮಾಡಿದ್ದ. ಒಂದು ವಾರ ಬಿಸಿಲಿನದು, ಒಂದು ವಾರ ಮಳೆಯದು. ಬಿಸಿಲಿನ ವಾರ ಮಳೆರಾಯ ಬೆಟ್ಟದ ಹಿಂದೆ ಇರಬೇಕು. ಮಳೆಯ ವಾರ, ಮಳೆ ಸುರಿಯುವಷ್ಟು ಹೊತ್ತೂ ಸೂರ್ಯ ಮೋಡದ ಹಿಂದೆ ಇರಬೇಕು. ಇಬ್ಬರೂ ಒಳ್ಳೆಯವರು, ಕೊಟ್ಟ ಮಾತು ಮೀರುವವರಲ್ಲ.

ಒಂದು ಮಳೆಯ ವಾರ ಶುರುವಾಗುವುದಕ್ಕೂ ಹೊಂಬಾಳಜ್ಜಿಯ ಮಗಳು ರಂಗಿ ಹೆಣ್ಣುಮಗು ಹೆರುವುದಕ್ಕೂ ಸರಿಹೋಯಿತು. ಪೇಟೆಗೆ ಅದೇ ಮೊದಲ ಕೂಸು. ಹೊಸ ಲೋಕಕ್ಕೆ ಅಜ್ಜಿ ಎಲ್ಲಿಂದ ಬಂದಳು ಎಂದು ಕೇಳುತ್ತೀರೇನು? ಸ್ವಾಮಿ ಎಲ್ಲರಿಗಿಂತ ಮೊದಲು ಒಬ್ಬ ಅಜ್ಜಿಯನ್ನೇ ಮಾಡಿದ. ಇಲ್ಲದಿದ್ದರೆ ಮಿಕ್ಕವರನ್ನು ನೋಡಿಕೊಳ್ಳುವವರು ಯಾರು?

ಎಳೆಕೂಸಿಗೆ ಹೊಸ ಬಟ್ಟೆ ಸುತ್ತುವಂತಿಲ್ಲ, ಮೈಗೆ ಒತ್ತುತ್ತದೆ. ಹಳೆಯ ಸೀರೆ ಹರಿದು ಸುತ್ತಬೇಕು. ಆಗಲೂ ಅದೇ ಪದ್ಧತಿ, ಈಗಲೂ ಅದೇ. ಆದರೆ ಲೋಕವೇ ಹೊಸದಾಗಿರುವಾಗ ಹಳೆಯ ಬಟ್ಟೆ ಎಲ್ಲಿಂದ ಬರಬೇಕು? ಮನೆಮನೆಯಲ್ಲಿ ಕೇಳಿದರೂ ಸಿಕ್ಕಿದ್ದೆಲ್ಲ ಗರಿಗರಿ ಹೊಸದು. ಇಡೀ ಪೇಟೆಗೆ ಹಳೆಯದೆಂದು ಇದ್ದದ್ದು ಅಜ್ಜಿಯ ಒಂದೇ ಸೀರೆ. ಉಟ್ಟು ಉಟ್ಟು, ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಅಜ್ಜಿ ಅದನ್ನೇ ಹರಿದಳು.

ಕೂಸು ಒದ್ದೆ ಮಾಡಿತು, ಅಜ್ಜಿ ಒಗೆದಳು. ಕೂಸು ಒದ್ದೆ ಮಾಡಿತು, ಅಜ್ಜಿ ಒಗೆದಳು. ಬಟ್ಟೆ ಮಾತ್ರ ಒಣಗಲಿಲ್ಲ. ಸೌದೆಯೂ ನೆಂದು, ಒಲೆ ಬರೀ ಹೊಗೆಯಾಡುತ್ತಿತ್ತು. ಕೊನೆಗೆ ಒಂದು ಒಣ ತುಂಡೂ ಉಳಿಯಲಿಲ್ಲ. ಕೂಸಿನ ಅಳು ಸಣ್ಣದಾಗುತ್ತಾ ಬಂತು.

"ಅವ್ವಾ, ಇದರ ಪಾದ ಮುಟ್ಟಿ ನೋಡು," ಎಂದಳು ರಂಗಿ.

ಅಜ್ಜಿ ಮುಟ್ಟಿ ನೋಡಿದಳು. ತಣ್ಣಗಿತ್ತು. ಮಗುವನ್ನು ತಾಯಿಯ ಎದೆಗೆ ಒತ್ತಿಟ್ಟು ಅಂಗಳಕ್ಕೆ ಬಂದಳು.

"ಏನಪ್ಪಾ ಮಳೆರಾಯ, ಸ್ವಲ್ಪ ಬಿಡುವು ಕೊಡು. ಮನೇಲಿ ಕೂಸಿದೆ."

"ಕೂಸು ಅಂದ್ರೆ ಏನೋ ನಂಗೊತ್ತಿಲ್ಲಜ್ಜಿ. ಇದು ನನ್ನ ವಾರ. ಕೆರೆ ಕಾದಿದೆ, ಕಪ್ಪೆ ಕಾದಿದೆ."

"ಸೂರ್ಯಪ್ಪಾ, ನೀನಾದರೂ ಮುಖ ತೋರಿಸು."

"ಅವನು ಸುರಿಯುವಾಗ ನಾನು ಬರೋ ಹಾಗಿಲ್ಲ ತಾಯಿ," ಎಂದಿತು ಮೋಡದ ಹಿಂದಿನ ದನಿ. "ಸ್ವಾಮಿಗೆ ಮಾತು ಕೊಟ್ಟಿದ್ದೀನಿ."

ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಒದ್ದೆ ಬಟ್ಟೆ ಹಿಡಿದ ಕೈಯನ್ನೇ ಜೋಡಿಸಿ ಕಣ್ಣು ಮುಚ್ಚಿದಳು. "ನಿನ್ನ ಕಟ್ಟಳೆ ಮುರಿ ಅನ್ನೋದಿಲ್ಲ ಸ್ವಾಮಿ. ಅದರೊಳಗೇ ಒಂದು ದಾರಿ ತೋರಿಸು."

ಸ್ವಾಮಿಗೆ ಕೇಳಿಸಿತು. ಅವನಿಗೆ ಕೇಳಿಸದೆ ಇರುತ್ತದೆಯೇ? ಆಗಲೇ ಕಿಟಕಿಯಿಂದ ಗಾಳಿ ಹೊರಗೆ ಬಂತು. ಗಾಳಿಗೆ ಕಂಡಿದ್ದನ್ನು ಊರಿಗೆಲ್ಲ ಹೇಳದಿದ್ದರೆ ಆಗದು.

"ಲೋ ಮಳೆರಾಯ, ಒಳಗೆ ಎಂಥದ್ದಿದೆ ಗೊತ್ತೇನೋ? ಮೊಗ್ಗಿನಂಥ ಮುಷ್ಟಿ. ಆಕಳಿಸಿದರೆ ಬಾಯಿ ಹುಣಸೆಬೀಜದಷ್ಟು. ನೀನು ಸೂರಿನ ಮೇಲೆ ಸುರಿದದ್ದೇ ಬಂತು, ಸೂರಿನ ಕೆಳಗೆ ಏನಿದೆ ಅಂತ ಒಂದಿನ ನೋಡಿದೀಯಾ?"

ಮಳೆರಾಯನಿಗೆ ತಡೆಯಲಾಗಲಿಲ್ಲ. ಸುರಿಯುತ್ತಲೇ ಬಾಗಿಲಿಗೆ ನುಗ್ಗಿದ. ಅಜ್ಜಿ ಕೈ ಅಡ್ಡ ಹಿಡಿದಳು.

"ಹಿಂಗೇ ಒಳಗೆ ಬರ್ತೀಯೇನಪ್ಪ? ಹೊರಗಿಂದ ಬಂದೋರು ಕಾಲು ತೊಳೆದು, ಜಗುಲಿ ಮೇಲೆ ಕೂತು, ಮೈಯಾರಿಸಿಕೊಂಡು ಆಮೇಲೆ ಕೂಸು ನೋಡಬೇಕು. ರಾಜ ಬಂದರೂ ಇದೇ."

"ಕೆಲಸ ಇದೆಯಲ್ಲಜ್ಜಿ."

"ಕೂಸನ್ನು ಹರಸೋದೂ ಸ್ವಾಮಿ ಕೆಲಸವೇ ಕಣಪ್ಪ."

ಮಳೆರಾಯ ಯೋಚಿಸಿದ. ಹೌದೆನಿಸಿತು. "ಕಾಲಿಗೆ ನೀರು?"

"ನಿನಗೆ ನೀರು ನಾನು ಕೊಡಬೇಕೇನೋ?"

ಮಳೆರಾಯ ನಾಚಿ, ಕಾಲು ತೊಳೆದು, ಜಗುಲಿಯ ಮೇಲೆ ಕೂತ. ಕೂತದ್ದೇ ತಡ, ಪೇಟೆಯ ಮೇಲೆ ಒಂದು ಹನಿ ಇಲ್ಲ. ಅವನ ತಲೆಗೂದಲ ನೀರು ಮಾತ್ರ ಸೂರಿನಿಂದ ತೊಟ್ ತೊಟ್ ಎಂದು ಇಳಿಯುತ್ತಿತ್ತು. ಸೂರ್ಯ ಮೋಡ ಸರಿಸಿ ನೋಡಿದ. ಸುರಿಯುತ್ತಿಲ್ಲ ಎಂದ ಮೇಲೆ ಬಂದರೆ ಮಾತು ಮುರಿದಂತಲ್ಲ. ಬಂದೇ ಬಿಟ್ಟ.

ಅಜ್ಜಿ ಹಗ್ಗಕ್ಕೆ ಓಡಿದಳು. ಬೀದಿಯ ಹೆಂಗಸರೆಲ್ಲ ಓಡಿ ಬಂದು ತುಂಡು ತುಂಡು ಹರವಿದರು.

"ಈಗ ಬರಲಾ ಅಜ್ಜಿ?"

ಅಜ್ಜಿ ಬಟ್ಟೆ ಮುಟ್ಟಿ ನೋಡಿದಳು. "ಇನ್ನೂ ಮೈಯಾರಿಲ್ಲ, ಕೂತಿರು."

"ಈಗ?"

"ಏನು ಅವಸರವೋ ನಿಂಗೆ. ಕೂತಿರು."

ಬಟ್ಟೆಗಳು ಒಣಗಿದವು. ಬಿಸಿಲಿನ ವಾಸನೆಯ ಸೀರೆ ತುಂಡಿನಲ್ಲಿ ಕೂಸನ್ನು ಸುತ್ತಿ ರಂಗಿ ಪಾದ ಮುಟ್ಟಿದಳು. ಬೆಚ್ಚಗಿತ್ತು. ಕೂಸು ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಅತ್ತಿತು. ಅಂಥ ಒಳ್ಳೆಯ ಸದ್ದನ್ನು ಅಜ್ಜಿ ಅದುವರೆಗೆ ಕೇಳಿರಲಿಲ್ಲ.

"ಬಾರಪ್ಪ ಈಗ," ಎಂದಳು.

ಮಳೆರಾಯ ಒಳಗೆ ಬಂದು ನೋಡಿದ. ಕೂಸು ಅವನ ಬೆರಳು ಹಿಡಿದುಕೊಂಡಿತು. ಅವನು ಬೆರಳು ಬಿಡಿಸಿಕೊಳ್ಳದೆ ಹಾಗೇ ಬಗ್ಗಿ ನಿಂತ. "ನೂರು ಮಳೆಗಾಲ ಬಾಳು," ಎಂದು ಹರಸಿ, ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದ: "ನಾಳೆಯೂ ಬರಲಾ ಅಜ್ಜಿ?"

"ಬಾರಪ್ಪ. ಬಂದಾಗಲೆಲ್ಲ ಕೂರಬೇಕು ಮತ್ತೆ."

ಮೇಲೆ ಸ್ವಾಮಿ ನಕ್ಕ. ಅವನ ಕಟ್ಟಳೆ ಮುರಿದಿರಲಿಲ್ಲ. ಅಜ್ಜಿಯ ಸೀರೆಯ ಹಾಗೆ ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ.

ಅದಕ್ಕೇ ಮಕ್ಕಳೇ, ಇಂದಿಗೂ ಮಳೆಯ ವಾರದಲ್ಲಿ ಸುರಿಯುತ್ತಿದ್ದ ಮಳೆ ತಟ್ಟನೆ ನಿಂತು ಬಿಸಿಲು ಬಿದ್ದು, ಸೂರಿನಿಂದ ಮಾತ್ರ ತೊಟ್ ತೊಟ್ ಎಂದು ನೀರು ಇಳಿಯುತ್ತಿದ್ದರೆ, ಅಲ್ಲೊಂದು ಮನೆಯಲ್ಲಿ ಕೂಸು ಹುಟ್ಟಿದೆ, ಮಳೆರಾಯ ಜಗುಲಿಯ ಮೇಲೆ ಕೂತು ಮೈಯಾರಿಸಿಕೊಳ್ಳುತ್ತಿದ್ದಾನೆ ಎಂದು ತಿಳಿಯಿರಿ.

ಈ ಕಥೆಗೆ ಕಿವಿಗೊಟ್ಟ ನಿಮಗೆಲ್ಲ ಬೇಕಾದಾಗ ಮಳೆ, ಬೇಕಾದಾಗ ಬಿಸಿಲು, ಹೊದೆಯಲು ಒಣಗಿದ ಮೆತ್ತನೆ ಬಟ್ಟೆ ಸಿಗಲಿ. ಸ್ವಾಮಿ ನಿಮ್ಮ ಪಾದಗಳನ್ನು ಸದಾ ಬೆಚ್ಚಗಿಟ್ಟಿರಲಿ.