ಬಾಳಪ್ಪ ಎಂಜಿನ್ನಿಗೆ ಎಣ್ಣೆ ಹಾಕಿದ್ದು

ತಾಯಿ ಫಕ್ಕೀರವ್ವ, ಮಗ ಬಾಳಪ್ಪ. ತಾಯಿಗೆ ಇದ್ದದ್ದು ಒಂದು ಹಿಟ್ಟಿನ ಗಿರಣಿ, ಮಗನಿಗೆ ಇದ್ದದ್ದು ಒಂದು ಗುಣ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವನು. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ಆ ಗುಣಕ್ಕೆ ಊರವರು ಪೆದ್ದತನವೆಂದು ಹೆಸರಿಟ್ಟಿದ್ದರು. ತಾಯಿ ಹಣೆಬರಹವೆಂದು ಹೆಸರಿಟ್ಟಿದ್ದಳು.

ಗಿರಣಿಯ ಡೀಸೆಲ್ ಎಂಜಿನ್ನು ಮುದಿಯಾಗಿ, ಎಣ್ಣೆ ಕುಡಿದು ಹೊಗೆ ಬಿಡತೊಡಗಿತ್ತು. ರೊಟ್ಟಿ ಹೊಗೆ ನಾರುತ್ತದೆಂದು ಹೆಂಗಸರು ಬುಟ್ಟಿ ಹೊತ್ತು ಪಕ್ಕದ ಊರಿನ ಗಿರಣಿಗೆ ನಡೆದರು. ದೀಪಾವಳಿಯೊಳಗೆ ಎಂಜಿನ್ನು ನೆಟ್ಟಗಾದರೆ ಅವರು ಮರಳಿ ಬಂದಾರು. ಇಲ್ಲವಾದರೆ ಗಿರಣಿಗೆ ಬೀಗ, ಫಕ್ಕೀರವ್ವನಿಗೆ ಕಂಡವರ ಹೊಲದಲ್ಲಿ ಕೂಲಿ. ಆಕೆ ದಾವಲಸಾಬ ಮಿಸ್ತ್ರಿಯನ್ನು ಕರೆಸಿದಳು. ಮಿಸ್ತ್ರಿ ಎಂಜಿನ್ನನ್ನು ಪೂರಾ ಬಿಚ್ಚಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಮತ್ತೆ ಕಟ್ಟಿಕೊಟ್ಟ.

ಕಟ್ಟಿಕೊಟ್ಟವನು ಬಾಳಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: ಮೊದಲ ಮೂವತ್ತು ತಾಸು ಸಾದಾ ಎಣ್ಣೆಯಲ್ಲಿ ಓಡಿಸಬೇಕು, ದುಬಾರಿಯ ನುಣುಪು ಎಣ್ಣೆ ಆಮೇಲಿನದು. ಬಾಳಪ್ಪ ಅಂಗಡಿಗೆ ಹೋಗಿ ಸಾದಾ ಎಣ್ಣೆಯನ್ನೇ ತಂದ, ಅಳತೆಯ ಕಡ್ಡಿಯ ಗೆರೆಯವರೆಗೆ ಹಾಕಿದ, ಎಂಜಿನ್ನು ಹಚ್ಚಿ ಎದುರಿಗೆ ಕುಳಿತ. ಕಾಳಿಲ್ಲ, ಹಿಟ್ಟಿಲ್ಲ. ಎಂಜಿನ್ನು ಬರಿದೇ ಓಡಿತು, ಬಾಳಪ್ಪ ಬರಿದೇ ನೋಡಿದ. ಸಂಜೆಗೆ ಬಂದ ಮಿಸ್ತ್ರಿ ತಲೆ ಚಚ್ಚಿಕೊಂಡ.

"ಖಾಲಿ ಓಡಿಸಬಾರದೋ ತಮ್ಮಾ. ಹೊರಿ ಕೊಡಬೇಕು. ಒಮ್ಮೆ ಹೆಚ್ಚು, ಒಮ್ಮೆ ಕಡಿಮಿ, ಹಿಂಗ ರೂಢಿ ಮಾಡಿಸಬೇಕು."

ಖಾಲಿ ಓಡಬಾರದು, ಹೊರೆ ಕೊಡಬೇಕು. ಬಾಳಪ್ಪ ಅದನ್ನು ಬಾಯಿಪಾಠ ಮಾಡಿಕೊಂಡ.

ಮರುದಿನ ತಾಯಿ ಅವನನ್ನು ಅಕ್ಕನ ಊರಿಗೆ ಸೈಕಲ್ಲಿನ ಮೇಲೆ ಕಳಿಸಿದಳು. ಅಕ್ಕನ ಮದುವೆಯಾಗಿ ಆರು ತಿಂಗಳು. ಹೊಸ ಅಳಿಯ ಈರಸಂಗಪ್ಪನನ್ನು ದೀಪಾವಳಿಯ ಎಣ್ಣೆಸ್ನಾನಕ್ಕೆ ಕರೆಯಬೇಕಿತ್ತು. ಬಾಳಪ್ಪ ಸೈಕಲ್ಲಿಗೆ ಅರ್ಧ ಚೀಲ ಜೋಳ ಬಿಗಿದ. ಹತ್ತು ಮಾರು ಚೀಲದೊಂದಿಗೆ ತುಳಿದ. ಚೀಲ ಇಳಿಸಿ ಮುಂದಕ್ಕೆ ತುಳಿದ. ಚೀಲ ಹಿಂದೆ ಉಳಿಯಿತಲ್ಲ, ತಿರುಗಿ ಬಂದು ಹೇರಿಕೊಂಡು ಮತ್ತೆ ತುಳಿದ. ಒಂದು ತಾಸಿನ ದಾರಿಗೆ ಎರಡು ದಿನ ಹಿಡಿಯಿತು. ಬೀಗರು ಜೋಳವನ್ನು ಹಬ್ಬದ ಉಡುಗೊರೆಯೆಂದು ತಿಳಿದು ಒಳಗಿಟ್ಟುಕೊಂಡರು.

ಬರಿಗೈಯಲ್ಲಿ ಬಂದ ಮಗನನ್ನು ಫಕ್ಕೀರವ್ವ ಬಾಗಿಲಲ್ಲೇ ನಿಲ್ಲಿಸಿ ಬೈದಳು. ಹೊಸ ಅಳಿಯನಿಗೆ ಯಾರಾದರೂ ಜೋಳ ಕೊಡುವರೇ ಎಂದಳು. ಹೊಸತಾಗಿ ಬಂದವರಿಗೆ ಎಲ್ಲಕ್ಕಿಂತ ಮೇಲಾದದ್ದನ್ನು ಕೊಡಬೇಕು, ಅಗ್ಗದ್ದು ಕೊಟ್ಟರೆ ಮಾನ ಹೋಗುತ್ತದೆ ಎಂದಳು.

ಹೊಸತಕ್ಕೆ ಮೇಲಾದದ್ದು. ಬಾಳಪ್ಪ ನೆಟ್ಟಗೆ ಗಿರಣಿಗೆ ನಡೆದ. ಅಲ್ಲಿ ಹೊಸ ಪಿಸ್ಟನ್ನು, ಹೊಸ ರಿಂಗು, ಹೊಟ್ಟೆಯಲ್ಲಿ ಮಾತ್ರ ಅಗ್ಗದ ಎಣ್ಣೆ. ಅವನಿಗೆ ನಾಚಿಕೆಯಾಯಿತು. ಹತ್ತು ತಾಸೂ ಓಡದ ಸಾದಾ ಎಣ್ಣೆಯನ್ನು ಚೆಲ್ಲಿ, ಆಮೇಲಿಗೆಂದು ತಂದಿಟ್ಟಿದ್ದ ದುಬಾರಿ ಡಬ್ಬಿಯನ್ನು ಸುರಿದ. ಎರಡು ದಿನ ಓಡಿದ ಎಂಜಿನ್ನು ಮೂರನೆಯ ದಿನ ಕೊಳವೆಯಿಂದ ನೀಲಿ ಹೊಗೆ ಬಿಟ್ಟಿತು. ಫಕ್ಕೀರವ್ವ ಮಿಸ್ತ್ರಿಗೆ ಹೇಳಿ ಕಳಿಸಿದಳು.

ಮಿಸ್ತ್ರಿ ಓಡಿ ಬಂದ. ಆ ಎಣ್ಣೆಯನ್ನು ಇಳಿಸಿದ, ಸಾದಾ ಎಣ್ಣೆ ಹಾಕಿದ, ಹೊರೆ ಕೊಟ್ಟು ಓಡಿಸಿದ. ಇನ್ನೂ ಕಾಲ ಮಿಂಚಿಲ್ಲವೆಂದ. ಆಮೇಲೆ ಬಾಳಪ್ಪನ ಕಿವಿ ಹಿಡಿದ.

"ಹೊಸಾದು ಮೊದಲು ತಿಕ್ಕಾಡಬೇಕು. ತಿಕ್ಕಾಡಿದರ ರಿಂಗು ಕೂಡತಾವು. ಎಣ್ಣಿ ನುಣುಪಾದರ ಜಾರತಾವು, ಕೂಡೂದಿಲ್ಲ, ಹೊಗಿ ಬರತೈತಿ. ಮೂವತ್ತು ತಾಸು ಸಾದಾ. ಆಮ್ಯಾಲ ಬಿಸಿ ಇದ್ದಾಗನ ಅದನ್ನೆಲ್ಲಾ ತಗದು, ಚಲೋದು ಹಾಕು."

ಹಬ್ಬ ಬಂತು, ಅಕ್ಕನೊಡನೆ ಹೊಸ ಅಳಿಯನೂ ಬಂದ. ನಸುಕಿನಲ್ಲಿ ಮಣೆ ಹಾಕಿ, ಬೆಳ್ಳಿಯ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿಟ್ಟು, ಫಕ್ಕೀರವ್ವ ಮಗನಿಗೆ ಅಕ್ಕನ ಗಂಡನ ತಲೆಗೆ ಎಣ್ಣೆ ತಿಕ್ಕಲು ಹೇಳಿ ನೀರೊಲೆಯ ಕಡೆಗೆ ಹೋದಳು. ಬಾಳಪ್ಪ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ದೀಪಕ್ಕೆಂದು ಇಟ್ಟಿದ್ದ ಹೊಂಗೆ ಎಣ್ಣೆಯನ್ನು ತಂದು ಅಳಿಯನ ನೆತ್ತಿಗೆ ಸುರಿದ. ತೆಂಗಿನ ನಾರಿನಿಂದ ಬೆನ್ನು ಕೆಂಪಾಗುವಂತೆ ತಿಕ್ಕಿದ. ಅಳಿಯ ಸ್ನಾನಕ್ಕೆ ಏಳಹೋದರೆ ಹೆಗಲು ಒತ್ತಿ ಕೂರಿಸಿದ.

"ಮೂವತ್ತು ತಾಸು ಹಿಂಗ ಕೂಡ್ರಿ ಮಾವಾರ. ಆಮ್ಯಾಲ ಚಲೋದು ಹಾಕತೀನಿ."

ಈರಸಂಗಪ್ಪ ಹೆಂಡತಿಯನ್ನು ಕೂಗಿದ. "ಲಗೂನ ಬಾ. ನಿನ್ನ ತಮ್ಮ ನನ್ನ ಕೀಲು ಬಿಚ್ಚೂದು ಒಂದ ಉಳದೈತಿ."

ನಾಲ್ಕು ಹಂಡೆ ನೀರು ಸುರಿದರೂ ಹೊಂಗೆಯ ವಾಸನೆ ಹೋಗಲಿಲ್ಲ. ಅಳಿಯ ಒಳ್ಳೆಯವನು, ನಕ್ಕುಬಿಟ್ಟ. ತಾಯಿ ನಗಲಿಲ್ಲ. ಯಾರಿಗೆ ಏನು ಹಾಕುವುದಿದ್ದರೂ ಮೊದಲು ಅವರನ್ನೇ ಕೇಳಬೇಕು, ಅವರು ಹೂಂ ಅಂದರೆ ಹಾಕಬೇಕು, ಸಾಕು ಅಂದರೆ ನಿಲ್ಲಿಸಬೇಕು ಎಂದು ಮಗನಿಂದ ಮೂರು ಸಲ ಹೇಳಿಸಿದಳು.

ಮರುದಿನ ಅಮಾವಾಸ್ಯೆ. ಎಂಜಿನ್ನಿಗೆ ಮೂವತ್ತು ತಾಸು ತುಂಬಿತು. ಹೊಗೆ ನಿಂತ ಸುದ್ದಿ ಕೇಳಿ, ಪಾಡ್ಯದ ಅಡುಗೆಗೆ ಹಿಟ್ಟು ಬೇಕಾದ ಹೆಂಗಸರು ಇಪ್ಪತ್ತು ಬುಟ್ಟಿ ತಂದು ಬೇವಿನ ಕೆಳಗೆ ಸಾಲಾಗಿ ಇಟ್ಟರು. ಬಾಳಪ್ಪ ಬಿಸಿ ಇರುವಾಗಲೇ ಹಳೆಯ ಎಣ್ಣೆಯನ್ನು ಕೊನೆಯ ಹನಿಯವರೆಗೆ ಇಳಿಸಿದ. ಹೊಸದಾಗಿ ತಂದ ದುಬಾರಿ ಡಬ್ಬಿಯ ಮುಚ್ಚಳ ತೆಗೆದ. ಎಂಜಿನ್ನಿನ ಮುಂದೆ ಕುಳಿತು, ಹಾಕಲೇ ಎಂದು ಕೇಳಿದ.

ಎಂಜಿನ್ನು ಮಾತಾಡಲಿಲ್ಲ. ಬಾಳಪ್ಪ ಕಾದ. ಮತ್ತೆ ಕೇಳಿದ, ಮತ್ತೆ ಕಾದ. ಹೊತ್ತು ನೆತ್ತಿಗೇರಿತು. ಸಾಲಿನ ಮುಂದಿದ್ದ ಕಾಶವ್ವ ಒಳಗೆ ಇಣುಕಿ, "ಫಕ್ಕೀರವ್ವಾ, ನಿನ್ನ ಮಗ ಎಂಜಿನ್ನಿನ ಮುಂದ ಕುಂತು ಹೆಣ್ಣು ಕೇಳಾಕತ್ತಾನೇನ?" ಎಂದಳು. ಇಬ್ಬರು ಹೆಂಗಸರು ಬುಟ್ಟಿಯೆತ್ತಿ ಪಕ್ಕದೂರಿನ ದಾರಿ ನೋಡಿದರು.

ಮಗನಿಗೆ ತಿಳಿಹೇಳಲು ಫಕ್ಕೀರವ್ವನಿಗೆ ಹೊತ್ತಿರಲಿಲ್ಲ. ಹಿಂಬಾಗಿಲಿನಿಂದ ನುಸುಳಿ ಎಂಜಿನ್ನಿನ ಹಿಂದೆ ಮುದುಡಿ ಕುಳಿತಳು. ದನಿಯನ್ನು ದಪ್ಪ ಮಾಡಿ, "ಹೂಂ" ಎಂದಳು.

ಬಾಳಪ್ಪ ಸುರಿದ. ಗೆರೆ ಮುಟ್ಟುತ್ತಲೇ "ಸಾಕು" ಎಂಬ ದನಿ ಬಂತು, ನಿಲ್ಲಿಸಿದ. ಹ್ಯಾಂಡಲು ತಿರುವಿದ. ಎಂಜಿನ್ನು ಹೊಗೆಯಿಲ್ಲದೆ, ಕೊಸರಿಲ್ಲದೆ ಹದವಾಗಿ ಓಡಿತು. ಎತ್ತಿದ್ದ ಎರಡು ಬುಟ್ಟಿಗಳು ಕೆಳಗಿಳಿದವು, ಬೀಸುವ ಕೆಲಸ ಶುರುವಾಯಿತು. ಎದ್ದರೆ ಗುಟ್ಟು ರಟ್ಟಾದೀತೆಂದು ಫಕ್ಕೀರವ್ವ ಅಲ್ಲೇ ಕುಳಿತಳು. ಹಿಟ್ಟಿನ ಧೂಳು ಹಾರಿ ಮೂಗು ಸೇರಿತು, ಗಂಟಲು ಸೇರಿತು, ಕೆಮ್ಮು ಬಂತು. ತಡೆದಷ್ಟೂ ಹೆಚ್ಚಾಗಿ ಬಂತು.

ಬಾಳಪ್ಪ ಗಾಬರಿಯಾಗಿ ಎಂಜಿನ್ನು ನಿಲ್ಲಿಸಿದ. ಎಂಜಿನ್ನಿಗೆ ಕೆಮ್ಮು ಹತ್ತಿದೆಯೆಂದು ಹೆಂಗಸರಿಗೆ ಹೇಳಿ, ಎದುರಿನ ಅಂಗಡಿಯಿಂದ ಒಂದು ಚೆಂಬು ಶುಂಠಿ ಚಹಾ ತಂದ. ಎಣ್ಣೆಯ ಮುಚ್ಚಳ ತೆಗೆದು ಚೆಂಬು ಬಗ್ಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಎದ್ದ ಫಕ್ಕೀರವ್ವ ಅದನ್ನು ಕಸಿದುಕೊಂಡಳು. ಇವನ ಕೈಗೆ ಮತ್ತೆ ಸಿಗದಿರಲೆಂದು ನಿಂತಲ್ಲೇ ಎತ್ತಿ, ಬಾಯಿ ಸುಟ್ಟರೂ ಬಿಡದೆ, ತಳ ಕಾಣುವ ತನಕ ಕುಡಿದಳು.

ಬಾಳಪ್ಪ ಎಂಜಿನ್ನು ಹಚ್ಚಿ ಕಿವಿಗೊಟ್ಟ. ಕೆಮ್ಮಿಲ್ಲ. ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ.

"ನೋಡ್ರಿ, ನಮ್ಮವ್ವ ಕುಡದಳು, ಎಂಜಿನ್ನಿಗೆ ಆರಾಮಾತು."

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಒಬ್ಬಳೂ ಪಕ್ಕದೂರಿಗೆ ಹೋಗಲಿಲ್ಲ. ಇಪ್ಪತ್ತು ಬುಟ್ಟಿಯೂ ಹಿಟ್ಟಾಯಿತು.

ಪಾಡ್ಯ ಕಳೆದ ಮೇಲೆ ಫಕ್ಕೀರವ್ವ ಅಳತೆಯ ಕಡ್ಡಿಯನ್ನು ಎತ್ತಿ ನೋಡಿದಳು. ಎಣ್ಣೆ ಗೆರೆಯಿಂದ ತುಸು ಇಳಿದಿತ್ತು. ಎಂಜಿನ್ನಿಗೆ ಒಂದಿಷ್ಟು ಎಣ್ಣೆ ಬೇಕಾಗಿದೆಯೆಂದು ಮಗನಿಗೆ ಹೇಳಿ ರೊಟ್ಟಿ ಬಡಿಯಲು ಕುಳಿತಳು. ಬಾಳಪ್ಪ ದುಬಾರಿ ಡಬ್ಬಿಯನ್ನು ತಂದ. ಬಚ್ಚಲಿಗೆ ಹೋಗಿ ಒಂದು ಲೋಟವನ್ನು ಲಕಲಕ ತೊಳೆದ. ಲೋಟದ ತುಂಬ ಎಣ್ಣೆ ಸುರಿದು, ಅವ್ವನ ಮುಂದೆ ಹಿಡಿದು ನಿಂತ.

"ಕುಡಿಯವ್ವಾ."